ಗೋಡೆಯಾಚೆಯ ಕೊಂಬು

ಶಕುನ, ಪವಾಡ ಅಂದರೆ ನಗುವವಳು ನಾನು. ನೀವೂ ನಗಿ, ಬೇಜಾರಿಲ್ಲ. ಆದರೆ ನನ್ನ ಮಗಳು ಇವತ್ತು ಬದುಕಿದ್ದಾಳಲ್ಲ, ಅದು ಹೇಗೆ ಅನ್ನುವುದು ನನಗೆ ಈವರೆಗೂ ಅರ್ಥವಾಗಿಲ್ಲ.

ತೊಂಬತ್ತರ ದಶಕದ ಶುರು. ಆಗ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದೆವು. ಪಕ್ಕದ ಮನೆಯ ಪರ್ವೀಜ್ ಇರಾನಿನವರು. ಮಾರ್ಚ್‌ನಲ್ಲಿ ಅವರ ಹೊಸ ವರ್ಷದ ಊಟಕ್ಕೆ ಕರೆದರು. ಮೈಸೂರಿನಿಂದ ಬಂದಿದ್ದ ಅಮ್ಮ, ಮೂರು ವರ್ಷದ ಮಗಳು, ನಾನು ಹೋದೆವು.

ಗೋಡೆಯ ಮೇಲೆ ದೊಡ್ಡದೊಂದು ಪ್ಲಾಸ್ಟರ್ ಫಲಕ. ಹಳೆಯ ಪರ್ಷಿಯಾದ ಅರಮನೆಯ ಕೆತ್ತನೆಯ ನಕಲಂತೆ. ಸಿಂಹ ಹಿಂದಿನಿಂದ ಎತ್ತಿಗೆ ಹಲ್ಲೂರಿದೆ. ಎತ್ತು ಮುಂಗಾಲೆತ್ತಿ ತಿರುಗಿ ನೋಡುತ್ತಿದೆ.

"ಅಯ್ಯೋ, ಹಬ್ಬದ ದಿನ ಬಸವಣ್ಣನ್ನ ಕಚ್ಚಿಸಿ ಇಟ್ಟಿದಾರಲ್ಲೇ!" ಅಂದರು ಅಮ್ಮ.

ಅದನ್ನೇ ನಾನು ಪರ್ವೀಜ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಪರ್ವೀಜ್ ನಕ್ಕರು. "ಸಿಂಹ ಅಂದ್ರೆ ಸೂರ್ಯ, ಎತ್ತು ಅಂದ್ರೆ ಚಳಿಗಾಲ. ಚಳಿ ಸೋತು ಹೊಸ ವರ್ಷ ಬರುತ್ತೆ ಅಂತ ನಮ್ಮಜ್ಜ ಹೇಳ್ತಿದ್ರು. ಪಂಡಿತರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಬಿಡಿ."

ಅಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಶಿವನ ಗುಡಿಯಲ್ಲಿ ನಂದಿಯ ಕೊಂಬುಗಳ ಮೇಲೆ ಬೆರಳಿಟ್ಟು ನಡುವಿನಿಂದ ಲಿಂಗ ನೋಡುತ್ತೇವಲ್ಲ, ಹಾಗೆ ನೋಡಲು ಹೊರಟರು. ಪಕ್ಕದಿಂದ ಕೆತ್ತಿದ ಎತ್ತು, ಕಾಣುವುದು ಒಂದೇ ಕೊಂಬು.

"ಇನ್ನೊಂದು ಎಲ್ಲೋಯ್ತಂತೆ, ಕೇಳೇ."

"ಗೋಡೆ ಆಚೆ ಇದೆ ಅನ್ನಿ," ಪರ್ವೀಜ್ ತಮಾಷೆ ಮಾಡಿದರು.

ಅಮ್ಮ ನಂಬಿಬಿಟ್ಟರು. ಒಂದು ಬೆರಳು ಕೊಂಬಿನ ಮೇಲೆ, ಇನ್ನೊಂದು ಬರೀ ಗೋಡೆಯ ಮೇಲೆ ಇಟ್ಟು ಬಗ್ಗಿದರು. ನನಗೋ ನಾಚಿಕೆ. "ಸಾಕು ಬಾಮ್ಮ" ಅಂತ ಸೆರಗು ಎಳೆದೆ.

"ಕೂಸು ನೀರಲ್ಲಿದೆ ಕಣೇ!" ಅಮ್ಮ ಚೀರಿದರು.

ಅದು ಕಿಟಕಿಯಿಲ್ಲದ ಇಟ್ಟಿಗೆ ಗೋಡೆ. ಟೇಪ್ ರೆಕಾರ್ಡರ್ ಬೇರೆ ಅಬ್ಬರಿಸುತ್ತಿತ್ತು. ಮಗಳು ಒಳಗೆ ಬೇರೆ ಮಕ್ಕಳ ಜೊತೆ ಆಡುತ್ತಿದ್ದಾಳೆ ಅಂದುಕೊಂಡಿದ್ದೆ. ಪರ್ವೀಜ್‌ಗೆ ಕನ್ನಡದ ಒಂದಕ್ಷರ ಬಾರದು. ಅಮ್ಮನ ಮುಖ ನೋಡಿ ನನಗಿಂತ ಮೊದಲೇ ಹಿತ್ತಿಲಿಗೆ ಓಡಿದರು. ಆ ಗೋಡೆಯಾಚೆ ಅವರು ಮೀನು ಸಾಕಿದ್ದ ಕೊಳ. ಮಗಳು ಅದರಲ್ಲಿ ಬೋರಲು ಬಿದ್ದಿದ್ದಳು. ಪರ್ವೀಜ್ ಶೂ ಸಮೇತ ಇಳಿದು ಎತ್ತಿಕೊಂಡರು. ಕೆಮ್ಮಿದಳು, ಆಮೇಲೆ ಕಿರುಚಿ ಅತ್ತಳು. ಅಷ್ಟು ಚೆಂದದ ಅಳು ನಾನು ಇನ್ನೊಂದು ಕೇಳಿಲ್ಲ.

ಏನು ಕಂಡಿತು ಅಂತ ಅಮ್ಮನನ್ನು ಎಷ್ಟೋ ಸಲ ಕೇಳಿದೆ. "ಮಗು ಸಿಕ್ತಲ್ಲ, ಇನ್ನೇನು ಬೇಕೇ ನಿಂಗೆ?" ಅಂತ ಗದರುತ್ತಿದ್ದರು.

ಕೆಲ ವರ್ಷದ ಮೇಲೆ ನಾವು ಮೆಲ್ಬರ್ನ್‌ಗೆ ಹೊರಟಾಗ ಪರ್ವೀಜ್ ಆ ಫಲಕವನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ಕಾರಿನಲ್ಲಿಟ್ಟರು. ಈಗ ನನ್ನ ಮನೆಯ ಗೋಡೆಯ ಮೇಲಿದೆ. ಮಗಳು ಹೊರಗೆ ಹೋದಾಗಲೆಲ್ಲ ಅಮ್ಮನ ಹಾಗೆ ಬೆರಳಿಟ್ಟು ಬಗ್ಗಿ ನೋಡುತ್ತೇನೆ. ಬರೀ ಗೋಡೆ ಕಾಣುತ್ತದೆ. ಸದ್ಯ, ಅಂತ ಕೈ ಮುಗಿಯುತ್ತೇನೆ.