ಕಾಕಾನ ಫೋನಿನೊಳಗಿನ ಮಡಚದ ಸೀರೆಗಳು

ನನಗೊಂದು ಚಟವಿದೆ. ಜಮಖಂಡಿಯ ಕಚೇರಿಯಿಂದ ರಬಕವಿಗೆ ಬಂದು, ಚಹಾ ಕುಡಿದು, ಕಂಪನಿಯವರು ಕೈಬಿಟ್ಟ ಹಳೆಯ ಫೋನುಗಳಿಗೆ ನಾನೇ ಕಟ್ಟಿದ ಫರ್ಮ್‌ವೇರ್ ಹಾಕುತ್ತೇನೆ. ಅಂದರೆ ಫೋನನ್ನು ಒಳಗಿನಿಂದ ನಡೆಸುವ ತಂತ್ರಾಂಶವನ್ನೇ ಬದಲಿಸುತ್ತೇನೆ. ಇದರಿಂದ ಮನೆಗೆ ಬಂದದ್ದು ನೆಂಟರು ಮಾತ್ರ. ಮುಧೋಳದ ಅತ್ತೆ, ಬೀಳಗಿಯ ಷಡ್ಡಕ, ರನ್ನ ಬೆಳಗಲಿಯ ಯಾರೋ ದೂರದ ಮಾವ, ಎಲ್ಲರೂ ಕೈಚೀಲದಿಂದ ಒಂದು ಮುದಿ ಫೋನು ತೆಗೆದು ಹೇಳುವುದು ಒಂದೇ ಮಾತು: "ಇದರ ಮೆಮೊರಿ ಸ್ವಲ್ಪ ಹೆಚ್ಚ ಮಾಡು." ಸಾರಿಗೆ ನೀರು ಬೆರೆಸಿದಷ್ಟು ಸಲೀಸು ಎಂದು ತಿಳಿದಿದ್ದಾರೆ. ನಾನೂ ತಜ್ಞನ ಗತ್ತಿನಲ್ಲಿ ಫೋನಿನ ಬೆನ್ನು ತಿರುಗಿಸಿ ನೋಡುತ್ತೇನೆ. ಅಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ.

ನನ್ನ ಕಾಕಾ, ಅಂದರೆ ಚಿಕ್ಕಪ್ಪ, ತನ್ನ ಮಗ್ಗಗಳಲ್ಲಿ ನೇಯಿಸಿದ ಸೀರೆಗಳನ್ನು ತಾನೇ ಮಾರುತ್ತಾನೆ. ಮೊದಲು ಗಿರಾಕಿಗಳು ಬಂದು ಗಾದಿಯ ಮೇಲೆ ಕೂರುತ್ತಿದ್ದರು, ಈಗ ವಿಡಿಯೋ ಕಾಲ್‌ನಲ್ಲಿ ಕೂರುತ್ತಾರೆ. ಅವನ ಮಾಲಿನ ಬಹುಪಾಲು ಕೊಳ್ಳುತ್ತಿದ್ದ ಸೊಲ್ಲಾಪುರದ ಅಂಗಡಿಯವನು ಈ ಸಲ ಬನಹಟ್ಟಿಯ ಬೇರೊಬ್ಬ ವ್ಯಾಪಾರಿಯ ಕಡೆ ವಾಲಿದ್ದ. "ಒಮ್ಮೆ ವಿಡಿಯೋದಾಗ ತೋರಸ್ರಿ, ಆಮ್ಯಾಲೆ ನೋಡೂಣು" ಎಂದಿದ್ದ. ಆ ಒಂದು ಕಾಲ್ ಕೆಟ್ಟರೆ ಮಗ್ಗಗಳು ನಿಲ್ಲುತ್ತವೆ ಎಂಬ ಚಿಂತೆಯಲ್ಲಿ ಕಾಕಾನಿಗೆ ಊಟ ಸೇರುತ್ತಿರಲಿಲ್ಲ. ಅವನ ಫೋನೋ, ಕ್ಯಾಮೆರಾ ತೆರೆದರೆ ಫೋಟೋ ಮುಚ್ಚುವಂಥದ್ದು.

ನಾನು ಅವನ ಭಾಷೆಯಲ್ಲೇ ವಿವರಿಸಿದೆ. ಫೋನಿನ ರ‍್ಯಾಮ್ ನಿನ್ನ ಗಾದಿ. ಅದು ತುಂಬಿದರೆ ಸದ್ಯಕ್ಕೆ ಬೇಡದ್ದನ್ನು ಒತ್ತಿ ಮಡಚಿ ಅಲ್ಲೇ ಮೂಲೆಗೆ ಇಡಬಹುದು, ಇಲ್ಲವೇ ಅಟ್ಟಕ್ಕೆ, ಅಂದರೆ ಮೆಮೊರಿ ಕಾರ್ಡಿಗೆ, ಏರಿಸಬಹುದು. ಇಲ್ಲದ ಜಾಗವನ್ನು ಇದೆ ಎಂದು ತೋರಿಸುವ ಈ ಏರ್ಪಾಟೇ ವರ್ಚುವಲ್ ಮೆಮೊರಿ. ಅದೂ ಸಾಲದಾದಾಗ ಒಳಗಿರುವ ಕಾವಲುಗಾರ ಯಾವುದಾದರೂ ಆ್ಯಪನ್ನು ಹೊರಗೆ ದಬ್ಬುತ್ತಾನೆ.

ಕಾಕಾ ಸಿಡಿದೆದ್ದ. "ಗಿರಾಕಿ ಕುಂತಿರಬೇಕಾದ್ರ ದಬ್ಬತಾನ?"

ಅವನ ಸಿಟ್ಟಿಗೆ ಕಾರಣವಿತ್ತು. ಗಿರಾಕಿ ಏಳುವ ತನಕ ಬಿಚ್ಚಿದ ಸೀರೆ ಮಡಚಬಾರದು ಎಂಬುದು ನಮ್ಮ ಮನೆತನದ ಪದ್ಧತಿ. ಮಡಚಿದರೆ ಎದ್ದು ಹೋಗು ಎಂದಂತೆ. ಕಾಕಾ ಫೋನಿನಲ್ಲೂ ಅದನ್ನೇ ಪಾಲಿಸುತ್ತಿದ್ದ. ತೆರೆದ ಒಂದು ಆ್ಯಪನ್ನೂ ಮುಚ್ಚಿದವನಲ್ಲ. ಪಂಚಾಂಗ, ಲೆಕ್ಕದ ಯಂತ್ರ, ಟಾರ್ಚು, ಭಜನೆ, ಎಲ್ಲವೂ ಹರಡಿಕೊಂಡು ಬಿದ್ದಿದ್ದವು.

"ಆ ಕಾವಲುಗಾರನ್ನ ತಗದ ಒಗಿ" ಎಂದ.

"ಕಾಕಾ, ಅಂವ ಇರಬೇಕರಿ."

"ಗಿರಾಕೀನ ಎಬ್ಬಸಾಂವ ನಮ್ಮ ಮನ್ಯಾಗ ಯಾಕಲೇ?"

ತೆಗೆದೆ. ಸಾಲದ್ದಕ್ಕೆ ಅಗ್ಗದ ಮೆಮೊರಿ ಕಾರ್ಡಿನ ಮೇಲೆ ಭಾರಿ ಅಟ್ಟವನ್ನೂ ಕಟ್ಟಿಕೊಟ್ಟೆ. ಲೋಕಾಪುರದ ಬಸ್ ನಿಲ್ದಾಣದಲ್ಲಿ ಗುರುತಿನವರು ಸಿಕ್ಕಾಗ, ಇನ್ನು ನನ್ನ ಫರ್ಮ್‌ವೇರಿನಲ್ಲಿ ಯಾವುದೂ ಮುಚ್ಚುವುದಿಲ್ಲ ಎಂದು ಕೊಚ್ಚಿಕೊಂಡೆ. ಅವರು ತಲೆಯಾಡಿಸಿ ಬಸ್ಸು ಹತ್ತಿದರು.

ಕಾಲ್ ಬಂದ ದಿನ ಶುಭಕಾರ್ಯವೆಂದು ಕಾಕಾನ ಹೆಂಡತಿ ಕಾಕು ಹಬ್ಬಕ್ಕೆ ಉಡುವ ತನ್ನ ಹಳೆಯ ಸೀರೆ ಉಟ್ಟಿದ್ದಳು. ಬದನೆಕಾಯಿ ಬಣ್ಣದ ಮೈ, ಅಂಚಿಗೆ ಕೆಂಪು ದಡಿ. ಕಾಕಾ ಫೋನನ್ನು ಡಬ್ಬಿಗೆ ಆನಿಸಿ ಹೊಸ ಸೀರೆಗಳನ್ನು ಒಂದರ ಮೇಲೊಂದು ಹರವಿದ. ನಡುವೆ ಫೋಟೋ ತೆರೆದ, ಲೆಕ್ಕ ತೆರೆದ. ಫೋನು ಅಟ್ಟದಿಂದ ಗಾದಿಗೆ, ಗಾದಿಯಿಂದ ಅಟ್ಟಕ್ಕೆ ಸಾಮಾನು ಹೊರುತ್ತಲೇ ಉಳಿಯಿತು. ಬೇರೆ ಕೆಲಸಕ್ಕೆ ಪುರಸೊತ್ತಿಲ್ಲದೆ ಕಾಲ್‌ನ ಚಿತ್ರ ಗಕ್ಕನೆ ನಿಂತಿತು. ಕಾಕಾನಿಗೆ ತಿಳಿಯಲೇ ಇಲ್ಲ. "ಈ ಸೆರಗ ನೋಡ್ರಿ, ಹೆಂಗ ಐತಿ" ಎಂದು ಆ ನಿಂತ ಪರದೆಗೆ ಬಣ್ಣಿಸುತ್ತಲೇ ಇದ್ದ. ಕೊನೆಗೆ ಫೋನು ಕಾದ ಹಂಚಿನಂತಾಗಿ ಆರಿಹೋಯಿತು.

"ಹೋತು" ಎಂದು ಕಾಕಾ ಗಾದಿಯ ಮೇಲೆ ಕುಸಿದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ನನ್ನ ವಿದ್ಯೆಯ ಮೇಲೆಯೇ ಅಸಹ್ಯ ಬಂತು.

ಮಧ್ಯಾಹ್ನ ಕಾಕುವಿನ ಫೋನಿಗೆ ಒಂದು ಚಿತ್ರ ಬಂತು. ಸೊಲ್ಲಾಪುರದವನು ತನ್ನ ಪರದೆಯ ಮೇಲೆ ನಿಂತುಹೋದ ದೃಶ್ಯವನ್ನೇ ಕಳಿಸಿದ್ದ. ಮುಂದೆ ಕಾಕಾನ ಮಸುಕು ಮೊಣಕೈ. ಹಿಂದೆ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದ ಕಾಕು, ದಡಿಯ ಎಳೆ ಎಳೆಯೂ ಸ್ಪಷ್ಟ. ಬೆನ್ನಿಗೇ ಅವನ ಧ್ವನಿ ಸಂದೇಶ: "ಚಿತ್ರ ನಿಂತಿತ್ತಲ್ರಿ, ನಿಧಾನ ನೋಡಿದೆ. ಹೊಸಾವು ಬ್ಯಾಡ. ಹಿಂದ ಅಕ್ಕಾರು ಉಟ್ಟಾರಲ್ಲ, ಅಂಥಾವು ನೇಯಸ್ರಿ. ಎಲ್ಲಾ ನನಗ ಇರಲಿ."

ಅದು ಕಾಕಾ ಕಾಕುವಿನ ಮದುವೆಯ ಹೊಸತರಲ್ಲಿ ಇದೇ ಮನೆಯ ಮಗ್ಗದಲ್ಲಿ ನೇಯ್ದ ಸೀರೆ. ಈಗಿನವರಿಗೆ ಹಿಡಿಸುವುದಿಲ್ಲ ಎಂದು ಕಾಕಾನೇ ಆ ನಮೂನೆ ಕೈಬಿಟ್ಟಿದ್ದ. ನಿಲ್ಲಲಿದ್ದ ಮಗ್ಗಗಳು ಮತ್ತೆ ಅದನ್ನೇ ನೇಯತೊಡಗಿದವು.

ನಾನು ಮಾನ ಉಳಿಸಿಕೊಳ್ಳಲು ಫರ್ಮ್‌ವೇರನ್ನು ಹೊಸದಾಗಿ ಕಟ್ಟಿದೆ. ಅಟ್ಟ ಕಿತ್ತುಹಾಕಿ, ಮಡಚಿಡುವುದನ್ನಷ್ಟೇ ಉಳಿಸಿ, ಕಾವಲುಗಾರನನ್ನು ಮರಳಿ ಕೆಲಸಕ್ಕೆ ಕರೆದೆ. ಫೋನು ಎಲ್ಲೂ ತಡೆಯದೆ ಓಡಿತು. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮುಖ ಸಿಂಡರಿಸಿದ.

"ಮೊದಲಿನ ಆ ನಿಂದರೂದು ಎಲ್ಲಿ ಹೋತು? ಅದನ್ನ ತಿರಗಿ ಹಾಕಲೇ. ನಿಂತರನ ಮಂದಿ ನೋಡತಾರ."

ಚಹಾ ತಂದ ಕಾಕು ಕಪ್ಪು ಬಸಿಯನ್ನು ಅವನ ಮುಂದೆ ಸರಿಸಿದಳು. "ಹಬ್ಬಕ್ಕೊಮ್ಮೆ ಆ ಸೀರಿ ಉಟಗೊಂಡ ನಿಮ್ಮ ಮುಂದ ಓಡ್ಯಾಡೇನಿ. ನಿಮ್ಮನ್ನ ನಿಂದರಸಾಕ ಯಾವ ಫರ್ಮ್‌ವೇರ್ ಹಾಕಬೇಕಿತ್ತೋ."

ಬಸಿಗೆ ಚಾಚಿದ ಕಾಕಾನ ಕೈ ಅಲ್ಲೇ ನಿಂತಿತು.