ಬಾಯಿಬಿಟ್ಟು ಹೇಳಬೇಕಾದ ಮಾತು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಸಲೂನಣ್ಣ. ಎರಡು ಕುರ್ಚಿ, ಎರಡು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ಮೂಲೆ ಮಡಚಿದ ಹಳೇ ಪತ್ರಿಕೆಗಳು. ಅಂಗಡಿ ಎಂದರೆ ಅಷ್ಟೇ. ಹಿಂಬಾಗಿಲಿನಿಂದ ಮೇಲಕ್ಕೊಂದು ಕಡಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ. ಅವುಗಳಲ್ಲೊಂದರಲ್ಲಿ ಸಿಟಿ ಬಸ್ಸಿನ ಕಂಡಕ್ಟರೊಬ್ಬ ಬಾಡಿಗೆಗಿದ್ದಾನೆ ಎಂದು ಬೀದಿಯವರು ತಿಳಿದಿದ್ದರು. ಮೂವತ್ತು ವರ್ಷ ಒಬ್ಬನೇ ಬಾಡಿಗೆದಾರ, ಮಾಲೀಕನ ಜೊತೆ ಒಮ್ಮೆಯೂ ಜಗಳವಿಲ್ಲ ಎಂದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಜನ ತಮಗೆ ಬೇಕಾದ್ದನ್ನಷ್ಟೇ ನೋಡುತ್ತಾರೆ. ಇವರಿಬ್ಬರ ಪಾಲಿಗೆ ಅದೇ ಪುಣ್ಯವಾಗಿತ್ತು.

ನಿಜ ಹೇಳಬೇಕೆಂದರೆ ಮೇಲಿನ ಕೋಣೆಗಳಲ್ಲಿ ಒಂದರಲ್ಲೇ ಇಬ್ಬರೂ ಮಲಗುತ್ತಿದ್ದರು. ಇನ್ನೊಂದರ ಮಂಚ ಬಂದವರಿಗೆ ತೋರಿಸಲಿಕ್ಕೆ. ಅದರ ಮೇಲೆ ಇಸ್ತ್ರಿ ಕಾಣದ ಬಟ್ಟೆಗಳು ವರ್ಷವಿಡೀ ರಾಶಿ ಬಿದ್ದಿರುತ್ತಿದ್ದವು. ಬೆಳಿಗ್ಗೆ ಒಂದೇ ಪಾತ್ರೆಯ ಚಹಾ ಕುಡಿದು, ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಏಕವಚನದಲ್ಲಿ ಬೈದಾಡಿಕೊಂಡು, ಕೆಳಗಿಳಿದ ಕೂಡಲೇ ಇಬ್ಬರೂ ಬೇರೆ ಮನುಷ್ಯರಾಗುತ್ತಿದ್ದರು. ಕಂಡಕ್ಟರ್ ಮುಂಬಾಗಿಲಿನಿಂದ ಸುತ್ತಿ ಬಂದು, ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದ. "ಬನ್ನಿ ಸಾರ್, ಶೇವಿಂಗಾ?" ಎಂದು ಸಲೂನಣ್ಣ ಕೇಳುತ್ತಿದ್ದ. "ಹೂಂ ಕಣ್ರೀ, ಸ್ವಲ್ಪ ಬೇಗ, ಡ್ಯೂಟಿಗೆ ಹೊತ್ತಾಯ್ತು" ಎಂದು ಕಂಡಕ್ಟರ್ ಗತ್ತಿನಿಂದ ಹೇಳುತ್ತಿದ್ದ. ಆ ಗತ್ತು ನೋಡಿದರೆ ಸಲೂನಣ್ಣನಿಗೆ ನಗು ಉಕ್ಕಿ ಬರುತ್ತಿತ್ತು, ನೊರೆ ಕಲಸುವ ನೆಪದಲ್ಲಿ ಮುಖ ಆಚೆ ತಿರುಗಿಸುತ್ತಿದ್ದ.

ಈ ನಾಟಕ ಕಂಡಕ್ಟರನ ಹಟ. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಡಿಪೋದ ಒಬ್ಬ ಡ್ರೈವರ್ ಇನ್ನೊಬ್ಬ ಗಂಡಸಿನ ಜೊತೆ ಇರುವ ಸುದ್ದಿ ಬಯಲಾಗಿ, ಪೊಲೀಸರು ಅವನನ್ನು ಎಲ್ಲರೆದುರು ಎಳೆದೊಯ್ದಿದ್ದರು. ಆ ಡ್ರೈವರ್ ಮತ್ತೆ ಡಿಪೋಕ್ಕೆ ಬರಲಿಲ್ಲ, ಎಲ್ಲಿ ಹೋದನೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅಂದಿನಿಂದ ಕಂಡಕ್ಟರನಿಗೆ ಯಾರಾದರೂ ನೆಟ್ಟಗೆ ನಿಂತು ಪ್ರಶ್ನೆ ಕೇಳಿದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಕಾಲ ಬದಲಾಯಿತು, ಪೊಲೀಸರು ಆ ಕಾರಣಕ್ಕೆ ಹಿಡಿಯುವುದು ನಿಂತಿತು. ಅವನೊಳಗಿನ ಪೊಲೀಸ್ ಮಾತ್ರ ರಜೆ ಹಾಕಲಿಲ್ಲ.

ಸಲೂನಣ್ಣನೂ ಹುಟ್ಟಾ ಹೋರಾಟಗಾರನೇನಲ್ಲ. ಗಂಡಸರನ್ನು ಪ್ರೀತಿಸುವ ಗಂಡಸರು, ಹೆಂಗಸರನ್ನು ಪ್ರೀತಿಸುವ ಹೆಂಗಸರು ಸೇರಿ ಕಟ್ಟಿಕೊಂಡ ಸಂಘವೊಂದು ಪಕ್ಕದ ಬೀದಿಯಲ್ಲಿತ್ತು. ಅಲ್ಲಿಂದ ಒಬ್ಬಳು ಹುಡುಗಿ ಬಂದು, "ನನಗೆ ಗಂಡಸರ ಥರ ಕಟಿಂಗ್ ಬೇಕು, ಮೂರು ಅಂಗಡಿಯಲ್ಲಿ ನಕ್ಕು ಕಳಿಸಿದ್ರು" ಎಂದಳು. ಅವನು ಬಟ್ಟೆ ಹೊದಿಸಿ ಕತ್ತರಿ ತೆಗೆದುಕೊಂಡ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ಹುಡುಗಿ ಗಳಗಳನೆ ಅತ್ತುಬಿಟ್ಟಳು. ಆಮೇಲೆ ವಾರದ ರಜೆಯ ದಿನ ಅವನೇ ಕತ್ತರಿ ಬಾಚಣಿಗೆ ಹಿಡಿದು ಸಂಘಕ್ಕೆ ಹೋಗತೊಡಗಿದ. ಕೂದಲು ಕತ್ತರಿಸುತ್ತ ಕತ್ತರಿಸುತ್ತ ಮೆರವಣಿಗೆಗೂ ಹೋದ, ಘೋಷಣೆಯನ್ನೂ ಕೂಗಿದ. ಅವನ ಗಂಟಲು ದೊಡ್ಡದು. ಸಂಘದ ಅಧ್ಯಕ್ಷೆ ವಕೀಲಮ್ಮ, "ನೀವಿದ್ರೆ ನಮಗೆ ಮೈಕೇ ಬೇಡ ಕಣಣ್ಣ" ಎನ್ನುತ್ತಿದ್ದರು.

ಕಂಡಕ್ಟರನಿಗೆ ಇದು ಒಂಚೂರೂ ಹಿಡಿಸಲಿಲ್ಲ. "ನಿನಗ್ಯಾಕೋ ಊರ ಉಸಾಬರಿ? ನಮ್ಮ ಪಾಡಿಗೆ ನಾವಿಲ್ವಾ?" ಎಂದು ಗೊಣಗುತ್ತಿದ್ದ. ಆದರೂ ಮೆರವಣಿಗೆ ಮುಗಿಸಿ ಬಂದವನ ಗಂಟಲಿಗೆ ಬಿಸಿನೀರು ಕಾಯಿಸಿ ಇಡುತ್ತಿದ್ದ.

ಚುನಾವಣೆ ಬಂತು. ಆ ಸಲ ಒಂದು ಪಕ್ಷ, ಇಂಥ ಜೋಡಿಗಳನ್ನೂ ಕಾನೂನು ಕುಟುಂಬವೆಂದೇ ಒಪ್ಪುವಂತೆ ಮಾಡುತ್ತೇವೆ ಎಂದು ಮಾತು ಕೊಟ್ಟಿತು. ಅದರ ಅಭ್ಯರ್ಥಿ ಸಲೂನಿಗೇ ಬಂದು ಕುರ್ಚಿಯಲ್ಲಿ ಕೂತ, ಕ್ಯಾಮೆರಾಗಳ ಮುಂದೆ ಗಡ್ಡ ಬೋಳಿಸಿಕೊಂಡ. ನೊರೆ ಮೆತ್ತಿದ ಬಾಯಲ್ಲೇ, "ಮೊದಲನೇ ಅಧಿವೇಶನ ಅಣ್ಣ, ಮೊದಲನೇದು. ನಿಮ್ಮ ಕತ್ತಿ ನನ್ನ ಕತ್ತಿನ ಮೇಲಿದೆ, ಸುಳ್ಳು ಹೇಳ್ತೀನಾ?" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಸಲೂನಣ್ಣ ಅಷ್ಟಕ್ಕೇ ಕರಗಿ ನೀರಾದ. ಅಂಗಡಿಗೆ ಬಂದವರ ತಲೆ ಕೈಯಲ್ಲಿ ಹಿಡಿದುಕೊಂಡೇ ಅವನು ಪಕ್ಷದ ಪ್ರಚಾರ ಮಾಡಿದ. ಆ ಸ್ಥಿತಿಯಲ್ಲಿ ಎದ್ದು ಹೋಗುವುದು ಯಾರಿಗೆ ಸಾಧ್ಯ?

ಪಕ್ಷ ಗೆದ್ದಿತು. ಗಡ್ಡ ಬೋಳಿಸಿಕೊಂಡವನು ಮಂತ್ರಿಯಾದ. ಮೊದಲ ಅಧಿವೇಶನ ಬಂತು, ಹೋಯಿತು, ಕಾನೂನಿನ ಸುಳಿವಿಲ್ಲ. ಎರಡನೆಯದಕ್ಕೆ, ವಿಷಯ ಸೂಕ್ಷ್ಮವಾದ್ದರಿಂದ ಸಮಿತಿ ರಚಿಸಲಾಗಿದೆ ಎಂದರು. ಸಮಿತಿ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಮಾತನ್ನು ಮಲಗಿಸಿ ಮೇಲೊಂದು ಕಂಬಳಿ ಹೊದಿಸುವುದು.

ಅದೇ ಹೊತ್ತಿಗೆ, ನಿವೃತ್ತನಾಗಿ ಮನೆಯಲ್ಲಿದ್ದ ಕಂಡಕ್ಟರ್ ಮೆಟ್ಟಿಲ ಬುಡದಲ್ಲಿ ಕುಸಿದು ಬಿದ್ದ. ಪಾರ್ಶ್ವವಾಯು. ಎಡಗೈ ಎಡಗಾಲು ಸುಮ್ಮನಾದವು, ನೆನಪು ಕಲಸಿಹೋಯಿತು. ಕೆಲವೊಮ್ಮೆ ಎಲ್ಲ ಸ್ಪಷ್ಟ. ಕೆಲವೊಮ್ಮೆ ಅವನಿಗೆ ಇನ್ನೂ ಕೆಲಸವಿತ್ತು, ಬಸ್ಸಿತ್ತು, ಡಿಪೋ ಇತ್ತು. ಆಸ್ಪತ್ರೆಯವರು ಬಾಗಿಲಲ್ಲೇ ಕೇಳಿದರು: "ನೀವು ರೋಗಿಗೆ ಏನಾಗಬೇಕು?" ಸಲೂನಣ್ಣ ತಡವರಿಸಿ, "ಮನೆ ಮಾಲೀಕ" ಎಂದ. ಮನೆ ಮಾಲೀಕರಿಗೆ ಸಂಜೆ ಒಂದು ಗಂಟೆ ಮಾತ್ರ ಪ್ರವೇಶ. ಕೊನೆಗೆ ಬೆಳಗಿನ ಹೊತ್ತು ಶೇವಿಂಗ್ ಪೆಟ್ಟಿಗೆ ಹಿಡಿದು ಹೋಗುವ ಉಪಾಯ ಹೂಡಿದ. ಸಲೂನಿನವನನ್ನು ಯಾರೂ ತಡೆಯಲಿಲ್ಲ. ಕಂಡಕ್ಟರನ ಜೊತೆಗೆ ಅರ್ಧ ಗಂಟೆ ಕೂರಲಿಕ್ಕೆ ಇಡೀ ವಾರ್ಡಿನ ಗಡ್ಡ ಬೋಳಿಸಿದ. ಮನೆಗೆ ಬಂದರೆ ಎರಡು ಕೋಣೆಯಲ್ಲೂ ಸದ್ದಿಲ್ಲ. ಒಬ್ಬನಿಗೆ ಚಹಾ ಮಾಡುವ ಅಳತೆಯೇ ಅವನಿಗೆ ಗೊತ್ತಿರಲಿಲ್ಲ, ದಿನವೂ ಮಿಕ್ಕಿದ್ದನ್ನು ಚೆಲ್ಲುತ್ತಿದ್ದ.

ಆಗ ಬಂದಳು ಕಂಡಕ್ಟರನ ಅಕ್ಕ, ದೂರದ ಊರಿನಿಂದ. ಒಳ್ಳೆಯ ಹೆಂಗಸು, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ಬಾಡಿಗೆಗಿದ್ದೋರಿಗೆ ಯಾರು ಇಷ್ಟು ಮಾಡ್ತಾರೆ ಹೇಳಿ? ನಿಮ್ಮದು ದೊಡ್ಡ ಮನಸ್ಸು" ಎಂದು ಕಣ್ಣೊರೆಸಿಕೊಂಡಳು. "ಇನ್ನು ನಿಮಗೆ ತೊಂದರೆ ಬೇಡ. ಡಾಕ್ಟರು ಬಿಟ್ಟ ಕೂಡಲೇ ನಮ್ಮೂರಿಗೇ ಕರ್ಕೊಂಡು ಹೋಗ್ತೀನಿ. ನನ್ನ ಮಕ್ಕಳು ನೋಡ್ಕೋತಾರೆ."

ಸಲೂನಣ್ಣನ ಜೀವ ಬಾಯಿಗೆ ಬಂತು. ಆದರೆ ಅಕ್ಕನಿಗೆ ಗೊತ್ತಾಗಕೂಡದು ಎಂದು ಕಂಡಕ್ಟರ್ ಆಣೆ ಹಾಕಿಸಿಕೊಂಡಿದ್ದ. ಸಲೂನಣ್ಣ ವಕೀಲಮ್ಮನ ಬಳಿಗೆ ಓಡಿದ. ಅವರು ಅವನನ್ನೂ ಸಂಘದ ನಾಲ್ವರನ್ನೂ ಕಟ್ಟಿಕೊಂಡು ಮಂತ್ರಿಯ ಕಚೇರಿಗೆ ಹೋದರು. ಮಂತ್ರಿ ಈಗ ಗಡ್ಡ ಬಿಟ್ಟಿದ್ದ. ಸಲೂನಣ್ಣನ ಮುಖ ನೋಡಿ, "ಎಲ್ಲೋ ನೋಡಿದ ಹಾಗಿದೆ" ಎಂದ. ಸಲೂನಣ್ಣನಿಗೆ ಆದ ಅವಮಾನ ಅಷ್ಟಿಷ್ಟಲ್ಲ.

ಹದಿನೈದು ದಿನಕ್ಕೆ ಸರ್ಕಾರ ಒಂದು ಆದೇಶ ಹೊರಡಿಸಿತು. ಕಾನೂನಲ್ಲ, ಬರೀ ಆದೇಶ. ರೋಗಿಯೇ ಅಧಿಕಾರಿಯ ಮುಂದೆ, ನನ್ನ ಜೊತೆ ಬಾಳುತ್ತಿರುವವರು ಇವರು ಎಂದು ಬಾಯಿಬಿಟ್ಟು ಹೇಳಿದರೆ, ಅವರನ್ನು ಮನೆಯವರೆಂದೇ ಪರಿಗಣಿಸುವುದು, ರೋಗಿಯನ್ನು ಅವರ ಜೊತೆಗೇ ಕಳಿಸುವುದು. ಸಂಘದ ಹುಡುಗರು ಉರಿದುಬಿದ್ದರು. "ಮೂಗಿಗೆ ತುಪ್ಪ ಸವರ್ತಿದಾರೆ. ಮಾತು ಬಾರದೆ ಬಿದ್ದಿರೋರು ಏನು ಮಾಡ್ಬೇಕು? ಹೆದರಿಕೊಂಡೋರು ಏನು ಮಾಡ್ಬೇಕು? ಗಂಡ ಹೆಂಡತೀನ ಯಾರಾದ್ರೂ ಹೀಗೆ ಕೇಳ್ತಾರಾ?" ಎಂದರು. ಸರ್ಕಾರದ ಪರ ವಹಿಸಿದವನು ಸಲೂನಣ್ಣನೊಬ್ಬನೇ. "ಇಷ್ಟಾದ್ರೂ ಕೊಟ್ರಲ್ಲಪ್ಪ. ಒಂದು ಮಾತು ತಾನೆ, ಹೇಳಿದ್ರಾಯ್ತು" ಎಂದ. ಅವನ ಕಂಡಕ್ಟರನಿಗೆ ಮಾತು ಬರುತ್ತಿತ್ತಲ್ಲ, ಅವನಿಗೆ ಬೇರೇನೂ ಕಾಣಲಿಲ್ಲ.

ವಕೀಲಮ್ಮ ಅರ್ಜಿ ಹಾಕಿ ಅಧಿಕಾರಿಯ ವಿಚಾರಣೆಗೆ ದಿನ ಗೊತ್ತುಮಾಡಿಸಿದರು. ಅದರ ಹಿಂದಿನ ದಿನ ಸಲೂನಣ್ಣ ಕಂಡಕ್ಟರನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕೆಂದೇ ವಾರ್ಡಿಗೆ ಹೋದ. ಹಾಸಿಗೆಗಳ ನಡುವೆ ಒಂದು ಸ್ಟೂಲು ಹಿಡಿಸುವಷ್ಟೇ ಜಾಗ. ಪಕ್ಕದ ಹಾಸಿಗೆಯ ಮುದುಕ ಕಿವಿ ಇತ್ತಲೇ ಇಟ್ಟು ಮಲಗಿದ್ದ. ಅಕ್ಕ ಕಾಲ ಬಳಿ ಕೂತು ಹಣ್ಣು ಸುಲಿಯುತ್ತಿದ್ದಳು. ನಡುಬೀದಿಯಲ್ಲಿ ನಿಂತು ಸಾವಿರ ಜನರ ಮುಂದೆ ಗಂಟಲು ಹರಿಯುವಂತೆ ಕೂಗಿದ ಮನುಷ್ಯನಿಗೆ, ಆ ಸ್ಟೂಲಿನ ಮೇಲೆ ಕೂತು ಒಂದು ಮಾತು ಪಿಸುಗುಟ್ಟಲಿಕ್ಕೆ ಆಗಲಿಲ್ಲ. ಕೆನ್ನೆಗೆ ನೊರೆ ಹಚ್ಚುತ್ತ, "ನಾಳೆ ಒಬ್ಬರು ಅಧಿಕಾರಿ ಬಂದು ಕೇಳ್ತಾರೆ ಸಾರ್, ಹೆದರ್ಕೋಬೇಡಿ" ಎಂದಷ್ಟೇ ಹೇಳಿದ.

"ಬರಲಿ ಬಿಡ್ರೀ" ಎಂದ ಕಂಡಕ್ಟರ್. "ನನಗೇನು ಹೆದರಿಕೆ? ನಾನು ನೋಡ್ಕೋತೀನಿ."

ಮರುದಿನ ಅಧಿಕಾರಿ ಬಂದ. ಇನ್ನೂ ಎಳೆಯ ವಯಸ್ಸು, ಮರ್ಯಾದೆಸ್ಥ. ಮಂಚದ ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ವಕೀಲಮ್ಮ ಮತ್ತು ಸಲೂನಣ್ಣ. ಸಲೂನಣ್ಣ ಆ ದಿನ ಶೇವಿಂಗ್ ಪೆಟ್ಟಿಗೆ ತಂದಿರಲಿಲ್ಲ. ಮದುವೆಗೆ ಹೊರಟವನ ಹಾಗೆ ಒಗೆದ ಅಂಗಿ ಹಾಕಿದ್ದ. ಅಧಿಕಾರಿ ನೆಟ್ಟಗೆ ನಿಂತು ಕೇಳಿದ: "ಸರ್, ಇವರು ಯಾರು ಅಂತ ಹೇಳ್ತೀರಾ?"

ಕಂಡಕ್ಟರ್ ದಿಂಬಿನಿಂದ ತಲೆ ಎತ್ತಿದ. ಮೊದಲು ಅಧಿಕಾರಿಯನ್ನು ನೋಡಿದ, ಆಮೇಲೆ ಸಲೂನಣ್ಣನನ್ನು ಅಪರಿಚಿತನ ಹಾಗೆ ಒಂದು ಸಲ ನೋಡಿದ. "ಇವರಾ? ಸಲೂನಿನವರು. ಕೈ ಚೆನ್ನಾಗಿದೆ."

"ಬರೀ ಸಲೂನಿನವರಾ ಸರ್? ನಿಮಗೂ ಅವರಿಗೂ ಬೇರೆ ಏನೂ ಸಂಬಂಧ ಇಲ್ವಾ?" ಪಾಪ, ಅಧಿಕಾರಿ ಇನ್ನೊಂದು ಅವಕಾಶ ಕೊಟ್ಟ.

ಕಂಡಕ್ಟರನ ದನಿ ಕಿಕ್ಕಿರಿದ ಬಸ್ಸಿನ ಹಿಂದಿನ ಸೀಟಿಗೂ ಕೇಳುವಷ್ಟು ಏರಿತು. "ಏನ್ ಸಂಬಂಧ ಇರ್ತದ್ರೀ? ಕೂದಲು ಬೆಳೀತದೆ, ಅವರು ಕತ್ತರಿಸ್ತಾರೆ. ಮೇಲೆ ಬಾಡಿಗೆಗಿದೀನಿ. ಯಾರ್ರೀ ನಿಮಗೆ ಇಲ್ಲದ್ದು ಪಲ್ಲದ್ದು ಹೇಳಿದ್ದು?"

ವಕೀಲಮ್ಮ ಮುಂದೆ ಬಂದು, "ನೋಡಿ, ಇವರು ಮೂವತ್ತು ವರ್ಷದಿಂದ..." ಎಂದು ಶುರು ಮಾಡಿದರು. ಸಲೂನಣ್ಣ ಅವರ ಕೈ ಹಿಡಿದು ನಿಲ್ಲಿಸಿದ. ಅಕ್ಕನೆದುರು ಕಂಡಕ್ಟರನನ್ನು ಸುಳ್ಳುಗಾರನನ್ನಾಗಿ ಮಾಡುವುದು ಅವನಿಂದಾಗಲಿಲ್ಲ. ಅಧಿಕಾರಿ ತಲೆ ತಗ್ಗಿಸಿ, "ರೋಗಿಯ ಬಾಯಿಂದಲೇ ಬರ್ಬೇಕು ಅಂತ ಆದೇಶ ಅಮ್ಮ, ನನ್ನ ಕೈಯಲ್ಲಿಲ್ಲ" ಎಂದು ಹೊರಟುಹೋದ. ಸರ್ಕಾರ ತಾನು ಕೊಟ್ಟ ಮಾತನ್ನು ಒಬ್ಬ ಹೆದರಿದ ಮುದುಕನ ಬಾಯಲ್ಲಿಟ್ಟು ಕೈತೊಳೆದುಕೊಂಡಿತು. ಸಲೂನಣ್ಣನಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಇಡೀ ವಾರ್ಡಿನಲ್ಲಿ ತಾನೊಬ್ಬನೇ ನಿಂತಿದ್ದೇನೆ ಅನ್ನಿಸಿತು, ಅಷ್ಟೇ.

ಎರಡು ದಿನದ ನಂತರ ಆಸ್ಪತ್ರೆಯ ಮುಂದೆ ಗಾಡಿ ಬಂದು ನಿಂತಿತು. ಅಕ್ಕ ಸಂಕೋಚದಿಂದಲೇ ಕೇಳಿದಳು: "ದೂರದ ಪ್ರಯಾಣ ಅಣ್ಣ. ಹೋಗೋ ಮುಂಚೆ ಒಂದು ಸಲ ಶೇವ್ ಮಾಡಿಕೊಡ್ತೀರಾ? ನಿಮ್ಮ ಕೈ ಅಂದ್ರೆ ಅವನಿಗೆ ಇಷ್ಟ." ಆಮೇಲೆ ಸಾಮಾನು ಇಡಿಸಲಿಕ್ಕೆಂದು ಕೆಳಗೆ ಹೋದಳು. ಪಕ್ಕದ ಹಾಸಿಗೆಯ ಮುದುಕ ಹಿಂದಿನ ದಿನವೇ ಮನೆಗೆ ಹೋಗಿದ್ದ. ಎಷ್ಟೋ ದಿನಗಳ ಮೇಲೆ ಆ ಮೂಲೆಯಲ್ಲಿ ಇಬ್ಬರೇ ಇದ್ದರು.

ಸಲೂನಣ್ಣ ಬಿಸಿನೀರಲ್ಲಿ ಬ್ರಷ್ ಅದ್ದಿ ನೊರೆ ಎಬ್ಬಿಸಿದ. ಒಂದು ಕೆನ್ನೆ ಮುಗಿಯಿತು. ಕಂಡಕ್ಟರ್ ಮೆಲ್ಲಗೆ ಒಂದು ಕಣ್ಣು ತೆರೆದ.

"ಹೋದ್ರೇನೋ ಎಲ್ಲ?"

"ಹೋದ್ರು."

"ಪ್ರಶ್ನೆ ಕೇಳ್ತಿದ್ದ ಆ ಪೊಲೀಸಿನವನು?"

"ಅವನೂ ಹೋದ."

ಕಂಡಕ್ಟರನ ಮುಖದ ಸರಿಯಾಗಿದ್ದ ಅರ್ಧ ಭಾಗ ಅರಳಿತು. "ಹೆಂಗೆ ಹೇಳಿದೆ ನೋಡು! ಒಂದಿಷ್ಟಾದ್ರೂ ಗುಮಾನಿ ಬಂತಾ ಅವನಿಗೆ? ನಿನ್ನನ್ನ ಎಳ್ಕೊಂಡು ಹೋಗ್ತಾರೇನೋ ಅಂತ ನನ್ನ ಎದೆ ಹೊಡ್ಕೋತಿತ್ತು ಕಣೋ."

ಸಲೂನಣ್ಣ ರೇಜರನ್ನು ನೀರಿನಲ್ಲಿ ಅಲ್ಲಾಡಿಸಿದ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಅಲ್ಲಾಡಿಸಿದ. "ಬರಲಿಲ್ಲ" ಎಂದ. "ತುಂಬ ಚೆನ್ನಾಗಿ ಹೇಳಿದೆ."

"ಮತ್ತೆ? ಇನ್ನೇನು ಭಯ ಇಲ್ಲ" ಎಂದು ಕಂಡಕ್ಟರ್ ಬಲಗೈಯಿಂದ ಅವನ ಅಂಗಿ ಹಿಡಿದುಕೊಂಡ. "ಎಲ್ಲ ಹೋದ್ರಲ್ಲ. ನಡಿ, ಮನೆಗೆ ಹೋಗೋಣ."

ಕೆಳಗೆ ಗಾಡಿಯವನು ಹಾರ್ನ್ ಮಾಡಿದ. ಸಲೂನಣ್ಣ ಅವನ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮಾತಾಡ್ಬೇಡ, ಗಾಯ ಆಗುತ್ತೆ" ಎಂದು ಇನ್ನೊಂದು ಕೆನ್ನೆಯನ್ನು ನಿಧಾನವಾಗಿ ಬೋಳಿಸತೊಡಗಿದ.