ಸುಮಾ ಬರೆದ ಆ ಒಂದು ಸಾಲು

ತಂಗಿ ಸುಮಾ ಕಂಪ್ಯೂಟರ್ ಕಲಿತಳೆಂದು ನಾನು ಒಂದು ದಿನವೂ ಖುಷಿಪಡಲಿಲ್ಲ. ಅವಳು ತಿಂಗಳುಗಟ್ಟಲೆ ಕೂತು ಬರೆದದ್ದನ್ನು ಅಳಿಸಿಬಿಟ್ಟೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಆದರೂ ತದಡಿ ಮೀನುಗಾರಿಕೆ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಯಾವ ಬೋಟಿಗೆ ಎಷ್ಟು ಐಸ್ ಬೇಕೆಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ, ಅದನ್ನೇ ಹೇಳುವ ಪ್ರೋಗ್ರಾಮ್ ಬರೆಯಲು ಧಣಿಗಳು ಸುಮಾಳನ್ನು ಕರೆಸಿದರು. ತಿಂಗಳುಗಳ ಬಳಿಕ ಅದು ಮುಗಿದ ದಿನ, "ಇನ್ನು ನಿನ್ನ ತಲೆಗೆ ರಜೆ ಮಾರಾಯ" ಎಂದು ನನ್ನನ್ನು ನೋಡಿ ನಕ್ಕರು. ಮರುದಿನ ಅವಳು ಊಟಕ್ಕೆ ಹೋದಾಗ, ಅವಳು ಮಾಡುವುದನ್ನು ನೋಡಿ ಕಲಿತಿದ್ದಂತೆಯೇ ಎಲ್ಲವನ್ನೂ ಅಳಿಸಿದೆ.

ಸುಮಾ ಬಂದು ನೋಡಿದಳು. ಅಳಲಿಲ್ಲ. ಏನೋ ಟೈಪ್ ಮಾಡಿದಳು. ಹೋದದ್ದೆಲ್ಲ ಮರಳಿ ಬಂತು.

"ಎಂತ ಮಾಡ್ದೆ?" ಎಂದೆ.

"ಹೊಸದಾಗಿ ಕಲ್ತದ್ದು ಅಣ್ಣ. ಒಂದೊಂದು ದಿನದ ಕೆಲ್ಸನೂ ಇದು ಬೇರೆ ಬೇರೆ ಇಟ್ಕೊಳ್ತದೆ. ಬದಲಾಯಿಸಿದ್ದು ಯಾರು, ಯಾಕೆ ಅಂತ ಒಂದು ಸಾಲು ಬರೆದ್ರೆ ಆತು."

"ಈಗ ಎಂತ ಬರ್ದೆ?"

ನನ್ನ ಮುಖ ನೋಡದೆ ಓದಿದಳು: "ಸುಮಾಳ ಕೈತಪ್ಪಿನಿಂದ ಅಳಿಸಿಹೋಗಿತ್ತು."

ಅವಳಿಗೆ ಗೊತ್ತಿತ್ತು. ವಾರವಿಡೀ ಆ ಸಾಲು ನನ್ನನ್ನು ಬಿಡಲಿಲ್ಲ. ಕೊನೆಗೆ ಅವಳ ಕುರ್ಚಿಯ ಹಿಂದೆ ನಿಂತು ಹೇಳಿದೆ: "ಅಳಿಸಿದ್ದು ನಾನು. ಹೊಟ್ಟೆಕಿಚ್ಚಾಗಿತ್ತು. ಅಲ್ಲಿ ನನ್ನ ಹೆಸ್ರು ಬರಿ. ತಪ್ಪಾತು ತಂಗೀ."